ಟ್ರೇಲರ್ ಕಟ್ಟಿಕೊಂಡು ಬೆಟ್ಟ ಇಳಿಯುವವರು ತಿಳಿದಿರಬೇಕಾದ ಭಾರದ ಲೆಕ್ಕ

ಎತ್ತರದ ಬೆಟ್ಟಸಾಲೊಂದನ್ನು ಕಚ್ಚಾ ದಾರಿಯಲ್ಲಿ ದಾಟಿ ಆಚೆಯ ಕಣಿವೆಗೆ ಇಳಿಯುವ ಪ್ರವಾಸವನ್ನು ನಾವು ಫೋರ್ ವೀಲ್ ಡ್ರೈವ್ ಡೀಸೆಲ್ ವಾಹನದಲ್ಲಿ, ಹಿಂದೆ ಟ್ರೇಲರ್ ಕಟ್ಟಿಕೊಂಡು ಮಾಡಿದೆವು. ಇಂಥ ದಾರಿಗೆ ಹೊರಡುವವರು ಹತ್ತುವ ಶಕ್ತಿಯ ಬಗ್ಗೆ ಹೆಚ್ಚು ಯೋಚಿಸುತ್ತಾರೆ. ಆದರೆ ಹತ್ತಲಾಗದ ವಾಹನ ಇದ್ದಲ್ಲೇ ನಿಲ್ಲುತ್ತದೆ, ಇಳಿಯುವಾಗ ಹಿಡಿತ ತಪ್ಪಿದ ವಾಹನ ನಿಲ್ಲುವುದಿಲ್ಲ. ಆದ್ದರಿಂದ ಈ ಬರಹವೆಲ್ಲ ಇಳಿಯುವುದರ ಕುರಿತೇ ಇದೆ.

ಹೊರಡುವ ಮೊದಲು ವಾಹನವನ್ನೂ ಟ್ರೇಲರನ್ನೂ ಪೂರ್ತಿ ಸಾಮಾನು ತುಂಬಿದ ಸ್ಥಿತಿಯಲ್ಲೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಮಾಡಿಸಿದೆವು. ಖಾಲಿಯಿದ್ದಾಗ 2,100 ಕಿಲೋ ಇದ್ದ ವಾಹನ ನೀರು, ಇಂಧನ, ಬಿಡಿ ಚಕ್ರ ಮತ್ತು ಜನ ಸೇರಿ 2,800 ಕಿಲೋ ತೂಗಿತು. ಟ್ರೇಲರ್ 1,200 ಕಿಲೋ ಇತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಎಂಬುದನ್ನು ನೆನಪಿಟ್ಟುಕೊಂಡರೆ ಭಾರ ಎಲ್ಲಿಂದ ಬರುತ್ತದೆಂಬುದು ಬೇಗ ಅರ್ಥವಾಗುತ್ತದೆ. ತಯಾರಕರು ಕೊಟ್ಟಿರುವ ಮಿತಿಗಳಲ್ಲಿ ವಾಹನದ ಒಟ್ಟು ತೂಕ, ಎಳೆಯಬಹುದಾದ ತೂಕ ಮತ್ತು ಎರಡೂ ಸೇರಿದ ತೂಕ ಬೇರೆಬೇರೆಯಾಗಿ ಇರುತ್ತವೆ. ಒಂದರೊಳಗೆ ಇದ್ದೇವೆಂದ ಮಾತ್ರಕ್ಕೆ ಉಳಿದವುಗಳೊಳಗೂ ಇದ್ದೇವೆಂದು ತಿಳಿಯಬಾರದು.

ಟ್ರೇಲರ್ ತನ್ನ ಕೊಂಡಿಯ ಮೂಲಕ ವಾಹನದ ಮೇಲೆ ಹೇರುವ ತೂಕ ಇನ್ನೊಂದು ಮುಖ್ಯ ವಿಷಯ. ನಮ್ಮದರಲ್ಲಿ ಅದು 120 ಕಿಲೋ ಇತ್ತು. ಕೊಂಡಿ ಹಿಂದಿನ ಆ್ಯಕ್ಸಲ್‌ನಿಂದ 1.2 ಮೀಟರ್ ಆಚೆಗಿದ್ದು, ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ಅಂತರ 2.8 ಮೀಟರ್ ಇದ್ದರೆ, ಸನ್ನೆಗೋಲಿನಂತೆ ಆ ತೂಕ ಮುಂದಿನ ಚಕ್ರಗಳ ಮೇಲಿನ ಭಾರವನ್ನು ಸುಮಾರು 51 ಕಿಲೋ ಕಡಿಮೆ ಮಾಡಿ, ಹಿಂದಿನವುಗಳ ಮೇಲೆ ಸುಮಾರು 171 ಕಿಲೋ ಹೆಚ್ಚಿಸುತ್ತದೆ. ಬ್ರೇಕ್ ಹಾಕುವಾಗ ಹೆಚ್ಚಿನ ಕೆಲಸ ಮಾಡುವುದೂ, ವಾಹನವನ್ನು ತಿರುಗಿಸುವುದೂ ಮುಂದಿನ ಚಕ್ರಗಳೇ ಆದ್ದರಿಂದ ಈ ನಷ್ಟವನ್ನು ಹಗುರವಾಗಿ ಎಣಿಸಬಾರದು. ಹಾಗೆಂದು ಟ್ರೇಲರಿನ ಸಾಮಾನನ್ನು ಹಿಂದಕ್ಕೆ ಸರಿಸಿ ಕೊಂಡಿಯನ್ನು ಹಗುರಗೊಳಿಸಿದರೆ ಟ್ರೇಲರ್ ಓಲಾಡತೊಡಗುತ್ತದೆ, ಅದು ಇನ್ನೂ ಅಪಾಯಕರ. ಭಾರವಾದುದನ್ನು ಟ್ರೇಲರಿನ ಆ್ಯಕ್ಸಲ್ ಮೇಲೆ ಮತ್ತು ಅದರ ತುಸು ಮುಂದೆ, ತಳಕ್ಕೆ ಹತ್ತಿರವಾಗಿ ಇಡುವುದೇ ಸರಿ.

ಭಾರ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರವೂ ಎರಡರಷ್ಟಾಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಭಾರ ಹೆಚ್ಚಿದಾಗ ಟೈರುಗಳು ನೆಲವನ್ನು ಒತ್ತುವ ಬಲವೂ ಹೆಚ್ಚುತ್ತದೆ. ಮಿತಿಯೊಳಗೆ ತುಂಬಿದ, ಬ್ರೇಕ್ ಸುಸ್ಥಿತಿಯಲ್ಲಿರುವ ವಾಹನ ಒಂದು ಬಾರಿ ನಿಲ್ಲಲು ಅಷ್ಟೇನೂ ಹೆಚ್ಚು ದೂರ ತೆಗೆದುಕೊಳ್ಳುವುದಿಲ್ಲ. ಬ್ರೇಕ್ ಇಲ್ಲದ ಟ್ರೇಲರಿನದು ಬೇರೆಯೇ ಕಥೆ. ಅದರ ತೂಕ ಹಿಂದಿನಿಂದ ತಳ್ಳುತ್ತದೆ, ಅದರ ಚಕ್ರಗಳು ಮಾತ್ರ ತಡೆಯುವುದರಲ್ಲಿ ಪಾಲು ಕೊಡುವುದಿಲ್ಲ. ನಮ್ಮ ತೂಕಗಳನ್ನೇ ತೆಗೆದುಕೊಂಡರೆ, 4,000 ಕಿಲೋವನ್ನು ತಡೆಯುವ ಹೊಣೆ 2,800 ಕಿಲೋ ಹೊತ್ತ ಚಕ್ರಗಳ ಮೇಲೆಯೇ ಬಿದ್ದು, ಸಮತಟ್ಟಾದ ನೆಲದಲ್ಲೂ ನಿಲ್ಲುವ ದೂರ ಸುಮಾರು ಶೇಕಡಾ 40ರಷ್ಟು ಬೆಳೆಯುತ್ತದೆ. ಟೈರಿನ ಹಿಡಿತದ ಗುಣಾಂಕ 0.5 ಇರುವ, ಅಂದರೆ ಚಕ್ರ ಹೊತ್ತ ತೂಕದ ಅರ್ಧದಷ್ಟು ಮಾತ್ರ ತಡೆಯುವ ಬಲ ಸಿಗುವ ಜಲ್ಲಿ ನೆಲದಲ್ಲಿ, 100 ಮೀಟರಿಗೆ 15 ಮೀಟರ್ ಇಳಿಯುವ ಇಳಿಜಾರಿನಲ್ಲಾದರೆ, ಸಮತಟ್ಟಿನಲ್ಲಿ ಎಲ್ಲ ಚಕ್ರಗಳಿಗೂ ಬ್ರೇಕ್ ಇದ್ದಾಗ ಬೇಕಾಗುವ ದೂರದ ಸುಮಾರು ಎರಡೂವರೆ ಪಟ್ಟು ದೂರ ಬೇಕಾಗುತ್ತದೆ. ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ 750 ಕಿಲೋ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ಕಚ್ಚಾ ಇಳಿಜಾರಿಗೆ ಹೋಗುವವರು ಅದಕ್ಕಿಂತ ಹಗುರವಾದುದಕ್ಕೂ ಬ್ರೇಕ್ ಇರುವುದನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಒತ್ತಾಯ.

ಟ್ರೇಲರ್ ವಾಹನವನ್ನು ತಳ್ಳಿದಾಗ ತಾನಾಗಿ ಹಿಡಿಯುವ ಬ್ರೇಕುಗಳು ಉದ್ದದ ಇಳಿಜಾರಿನಲ್ಲಿ ಬಿಡುವಿಲ್ಲದೆ ಹಿಡಿದುಕೊಂಡೇ ಇದ್ದು ಬಿಸಿಯಾಗುತ್ತವೆ. ನಮ್ಮದರಲ್ಲಿ ವಿದ್ಯುತ್ ಬ್ರೇಕ್ ಇದ್ದುದರಿಂದ, ಡಾಂಬರು ಮುಗಿದು ಜಲ್ಲಿ ಆರಂಭವಾದಲ್ಲಿಯೇ ನಿಂತು, ಟ್ರೇಲರಿನ ಚಕ್ರಗಳು ಜಾರದಂತೆ, ಆ ಬ್ರೇಕುಗಳು ಎಷ್ಟು ಬಲವಾಗಿ ಹಿಡಿಯಬೇಕೆಂದು ಹೊಂದಿಸುವ ಕಂಟ್ರೋಲರಿನ ಬಲವನ್ನು ಇಳಿಸಿಕೊಂಡೆವು. ಡಾಂಬರಿಗೆ ಹೊಂದಿಸಿದ ಬಲ ಜಲ್ಲಿಯಲ್ಲಿ ಚಕ್ರಗಳನ್ನು ಲಾಕ್ ಮಾಡಿಬಿಡುತ್ತದೆ.

ಈ ಪ್ರವಾಸದ ತಿರುಳು ಇರುವುದು ಬೆಟ್ಟದ ತುದಿಯಿಂದ ಕೆಳಗಿಳಿಯುವ ಭಾಗದಲ್ಲಿ. 4,000 ಕಿಲೋ ತೂಕ 1,000 ಮೀಟರ್ ಎತ್ತರವನ್ನು ಇಳಿಯುವಾಗ ಸುಮಾರು 39 ಮೆಗಾಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದೇ ತೂಕವನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಸುಮಾರು 70 ಬಾರಿ ನಿಲ್ಲಿಸುವುದಕ್ಕೆ ಇದು ಸಮ. ಇದರಲ್ಲಿ ಎಂಜಿನ್ ಹೀರಿಕೊಳ್ಳದೆ ಬಿಟ್ಟದ್ದರಲ್ಲಿ ಹೆಚ್ಚಿನ ಪಾಲು ಡಿಸ್ಕ್ ಮತ್ತು ಡ್ರಮ್‌ಗಳಲ್ಲಿ ಶಾಖವಾಗಿ ಸೇರುತ್ತದೆ, ನಿಧಾನ ವೇಗದಲ್ಲಿ ಗಾಳಿಯಿಂದ ಅದು ಆರುವುದೂ ಕಡಿಮೆ. ಪ್ಯಾಡುಗಳು ಅತಿಯಾಗಿ ಕಾದರೆ ಘರ್ಷಣೆ ಕುಗ್ಗುತ್ತದೆ. ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಕುಸಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ, ತೇವ ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಆಯಿಲ್ ಹಳೆಯದಾಗಿದ್ದರೆ ಹೊರಡುವ ಮುನ್ನ ಬದಲಿಸಲೇಬೇಕು.

ತುದಿಯಲ್ಲೇ ವಾಹನವನ್ನು ನಿಲ್ಲಿಸಿ, ಪ್ರತಿ ಗೇರಿನ ವೇಗವನ್ನೂ ತಗ್ಗಿಸಿ ಎಂಜಿನ್ನಿನ ತಡೆಯನ್ನು ಹೆಚ್ಚಿಸುವ ಲೋ ರೇಂಜ್ ಹಾಕಿ, ಎರಡನೆಯ ಗೇರಿನಲ್ಲಿ ಇಳಿಯಲಾರಂಭಿಸಿದೆವು. ಕಡಿದಾದ ತಿರುವುಗಳು ಬರುವ ಮೊದಲೇ ಮೊದಲನೆಯ ಗೇರಿಗೆ ಬಂದೆವು. ಇಳಿಜಾರಿನ ನಡುವೆ ವೇಗ ಹೆಚ್ಚಿದ ಮೇಲೆ ಗೇರ್ ಇಳಿಸಲು ಹೋಗುವುದು ಅಪಾಯ, ಕ್ಲಚ್ ಒತ್ತಿದ ಆ ಗಳಿಗೆಯಲ್ಲಿ ಎಂಜಿನ್ನಿನ ತಡೆ ಪೂರ್ತಿ ಇಲ್ಲವಾಗುತ್ತದೆ. ಎಂಜಿನ್ ಸಾಲದಿದ್ದಾಗ ಪೆಡಲನ್ನು ಸುಮ್ಮನೆ ಒತ್ತಿಹಿಡಿಯದೆ, ಒಮ್ಮೆ ದೃಢವಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಬೇಕು. ತಿರುವಿನೊಳಗೆ ಬ್ರೇಕ್ ಒತ್ತಿದರೆ ಟ್ರೇಲರ್ ವಾಹನದ ಹಿಂಭಾಗವನ್ನು ಪಕ್ಕಕ್ಕೆ ತಳ್ಳುವುದರಿಂದ, ವೇಗವನ್ನು ನೇರ ದಾರಿಯಲ್ಲೇ ಮುಗಿಸಿಕೊಳ್ಳಬೇಕು. ಇಳಿಜಾರಿನಲ್ಲಿ ತಾನಾಗಿ ವೇಗ ಕಾಯುವ ಹಿಲ್ ಡಿಸೆಂಟ್ ಕಂಟ್ರೋಲ್ ಕೂಡ ಬಳಸುವುದು ಇದೇ ಬ್ರೇಕುಗಳನ್ನು. ಚಿಕ್ಕ, ಕಡಿದಾದ ಜಾಗಕ್ಕೆ ಅದು ಬಹಳ ಒಳ್ಳೆಯದು, ಗಂಟೆಗಟ್ಟಲೆ ಇಳಿಯಲು ಅದನ್ನೇ ನೆಚ್ಚಬಾರದು. ದೊಡ್ಡ ಟೈರ್ ಹಾಕಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು: ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ಅದೇ ಒತ್ತುವಿಕೆಗೆ ನೆಲದಲ್ಲಿ ಸಿಗುವ ತಡೆ ಸುಮಾರು ಶೇಕಡಾ 9ರಷ್ಟು ಕುಗ್ಗುತ್ತದೆ, ಎಂಜಿನ್ನಿನ ತಡೆಯೂ ಅಷ್ಟೇ ಕಡಿಮೆಯಾಗುತ್ತದೆ.

ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕುಗಳು ತಾವಾಗಿ ಆರುವವರೆಗೆ ಕಾಯಿರಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು. ಕಣಿವೆಯ ತಳದಲ್ಲಿ ಹಳ್ಳ ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಕೆಲವು ಬಾರಿ ಒತ್ತಿ ಪ್ಯಾಡುಗಳನ್ನು ಒಣಗಿಸಿಕೊಳ್ಳಬೇಕು. ಟ್ರೇಲರಿನ ಡ್ರಮ್‌ಗಳಲ್ಲಿ ನೀರೂ ಕೆಸರೂ ಹೆಚ್ಚು ಹೊತ್ತು ಉಳಿಯುವುದರಿಂದ ಅವುಗಳನ್ನು ಕಂಟ್ರೋಲರಿನಿಂದ ಪ್ರತ್ಯೇಕವಾಗಿ ಹಿಡಿಸಿ ನೋಡಬೇಕು. ತಂಗುವ ಜಾಗ ತಲುಪಿದೊಡನೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು, ಮುಟ್ಟದೆಯೇ, ಶಾಖವನ್ನು ಹೋಲಿಸಿ ನೋಡಿ. ಟ್ರೇಲರಿನ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿರಬಹುದು ಅಥವಾ ಬೇರಿಂಗ್ ಕೆಟ್ಟಿರಬಹುದು, ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಎರಡರಲ್ಲಿ ಯಾವುದಿದ್ದರೂ ಸರಿಪಡಿಸದೆ ಮುಂದಿನ ಇಳಿಜಾರಿಗೆ ಹೊರಡಬೇಡಿ.