ನಿನ್ ಎಸಿ ಲೈಸೆನ್ಸ್ ಎಲ್ಲಪ್ಪ?

ಹೋದ ಬೇಸಿಗೆಯಲ್ಲಿ ಮಂಡ್ಯದ ಗುತ್ತಲು ಕಡೆಯ ಒಂದು ಛತ್ರದವರು ಕರೆದರು. ಗಂಡಿನ ಕೋಣೆ, ಹೆಣ್ಣಿನ ಕೋಣೆ, ಮಹಡಿಯ ಚಿಕ್ಕ ಹಾಲ್, ಇಷ್ಟಕ್ಕೆ ಎಸಿ ಬೇಕು. ಟೇಪು ಹಿಡಿದು ಅಳೆದೆ. ಒಂದೂವರೆ ಟನ್ನಿನ ಸ್ಪ್ಲಿಟ್ ಐದು ಸಾಕು ಅಂದೆ. ರೇಟೂ ಕುದುರಿತು. ಆಗ ಯಜಮಾನರು ಕನ್ನಡಕ ಮೇಲೇರಿಸಿ, "ಎಲ್ಲಾ ಸರಿ ಕಣಪ್ಪ, ನಿನ್ ಎಸಿ ಲೈಸೆನ್ಸ್ ಎಲ್ಲಿ?" ಅಂದರು.

ಹದಿನೇಳು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಇದ್ದದ್ದನ್ನು ಹೇಳಿದೆ. ನಮ್ಮಲ್ಲಿ ಎಸಿ ಕೂರಿಸೋಕೆ ಅಂತಲೇ ಒಂದು ಲೈಸೆನ್ಸ್ ಇಲ್ಲ. ನನ್ನ ಹತ್ತಿರ ಇರುವುದು ಎರಡು ವರ್ಷದ ಐಟಿಐ ಸರ್ಟಿಫಿಕೇಟು, ಅಂಗಡಿಯ ಟ್ರೇಡ್ ಲೈಸೆನ್ಸು, ಜಿಎಸ್‌ಟಿ ನಂಬರು.

ಟೆಕ್ಸಾಸ್‌ನಲ್ಲಿರುವ ನಮ್ಮ ಭಾವ ಇದನ್ನು ಕೇಳಿ ನಕ್ಕಿದ್ದರು. ಅಲ್ಲಿ ರಾಜ್ಯದ್ದೇ ಎಸಿ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಇದೆ. ಬಿ ದರ್ಜೆಯವರು 25 ಟನ್ ತನಕದ ಮಿಷನ್ ಮಾತ್ರ ಮುಟ್ಟಬಹುದು. ಎಸಿಯೊಳಗಿನ ತಂಪು ಮಾಡುವ ಗ್ಯಾಸಿನ ಕೆಲಸಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಇನ್ನೊಂದು ಪರೀಕ್ಷೆ. ನಮ್ಮಲ್ಲಿ ಗ್ಯಾಸ್ ತುಂಬುವವನಿಗೆ ಒಂದು ಗೇಜು, ಒಂದು ಸಿಲಿಂಡರು ಇದ್ದರಾಯಿತು. ಅದೂ ಈಗ ಬರುವ ಆರ್-32 ಗ್ಯಾಸಿಗೆ ಬೆಂಕಿ ಹಿಡಿಯುವ ಗುಣ ಇದೆ, ಹಳೆಯ ಆರ್-22 ಹಾಗಿರಲಿಲ್ಲ. ಪರೀಕ್ಷೆ ಇಲ್ಲದೆ ಹೀಗೆ ಗ್ಯಾಸ್ ತುಂಬೋದು ನನಗೆ ಒಪ್ಪಿಗೆ ಇಲ್ಲದ ವಿಷಯ.

ಆದರೆ ಕರೆಂಟಿನ ಕಡೆ ಕಾನೂನು ಬಿಗಿಯಾಗಿಯೇ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸಕ್ಕೆ ವಿನಾಯಿತಿ. ಎಸಿಗೆ ಅಂತ ಹೊಸ ಲೈನ್ ಎಳೆಯೋದು ಚಿಲ್ಲರೆ ಅಲ್ಲ ಅಲ್ವಾ? ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಾಂಟ್ರ್ಯಾಕ್ಟರೇ ಬೇಕು. ಅವರ ಕೈಕೆಳಗೆ ಕೆಲಸ ಮಾಡುವವನಿಗೂ ವೈರ್‌ಮನ್ ಪರ್ಮಿಟ್ ಇರಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಶುರುವಿನಲ್ಲಿ ಮೈಸೂರಿನ ಒಂದು ಹಳೇ ಮನೆಯಲ್ಲಿ, ಇದ್ದ ಪ್ಲಗ್ಗಿಗೇ ಎಸಿ ಸಿಕ್ಕಿಸಿ ಬಂದಿದ್ದೆ. ಗೋಡೆಯೊಳಗೆ ಲೈಟಿಗೆ ಹಾಕುವ ಸಣ್ಣ ವೈರು. ನೋಡುವ ಗೋಜಿಗೇ ಹೋಗಲಿಲ್ಲ. ಮೂರನೇ ರಾತ್ರಿ ಫೋನು ಬಂತು. ಹೋಗಿ ನೋಡಿದರೆ ಸಾಕೆಟ್ಟು ಆಲೆಮನೆಯ ಪಾಕದ ಹಾಗೆ ಕಂದಾಗಿ ಕರಗಿ ಜೋತಿದೆ. ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ. ಆ ಮನೆಯ ಅಜ್ಜಿ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಛತ್ರದ ಕರೆಂಟ್ ಬಿಲ್ಲು ನೋಡಿದೆ. ಮಂಜೂರಾದ ಲೋಡು, ಅಂದರೆ ಒಟ್ಟಿಗೆ ಎಳೆಯಲು ಅನುಮತಿ ಇರುವ ಕರೆಂಟು, 5 ಕಿಲೋವ್ಯಾಟ್. ಐದು ಎಸಿ ಒಟ್ಟಿಗೆ ಓಡಿದರೆ ಅವೇ 8ರ ಹತ್ತಿರ ಎಳೆಯುತ್ತವೆ. ಮೇಲೆ ಲೈಟು, ಮೋಟರು, ಮೈಕ್ ಸೆಟ್ಟು. ನಮ್ಮ ಕಡೆ ಕರೆಂಟು ಕೊಡುವ ಕಂಪನಿ ಸೆಸ್ಕ್‌ಗೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕದೆ ಆಗಲ್ಲ ಅಂದೆ. ಯಜಮಾನರಿಗೆ ಅದು ಈಗಲೂ ಕೆಇಬಿಯೇ. "ಕೆಇಬಿಯವರಿಗೆ ಸುಮ್ನೆ ಯಾಕೆ ಹೇಳೋದು?" ಅಂದರು. ನಾನು ಅಜ್ಜಿಯ ಮನೆಯ ಸಾಕೆಟ್ಟಿನ ಕಥೆ ಹೇಳಿದೆ. ಲೈಸೆನ್ಸ್ ಇರುವ ಗೆಳೆಯನನ್ನು ಕರೆಸಿ ಅರ್ಜಿ, ವೈರಿಂಗು ಎಲ್ಲಾ ಅವನ ಕೈಯಲ್ಲಿ ಮಾಡಿಸಿದೆ. ನನ್ನ ಲಾಭದಲ್ಲಿ ಒಂದಿಷ್ಟು ಅವನಿಗೆ ಹೋಯಿತು. ಹೋಗಲಿ.

ಕೆಲಸ ಮುಗಿದ ದಿನ ಯಜಮಾನರು ನನ್ನ ಐಟಿಐ ಸರ್ಟಿಫಿಕೇಟಿನ ಜೆರಾಕ್ಸ್ ಫೈಲಿಗೆ ಕೇಳಿದರು. ಕೊಟ್ಟೆ. ಅದರ ಫೋಟೊ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಫೋಟೊ ನೋಡಿದರು.

"ಇದು ನಿಂದೇನಾ?"