ಕತ್ತಲಲ್ಲಿ ಗ್ಲುಟಮೇಟ್ ಸುರಿಸುವ ರಾಡ್ ಕೋಶ: ಗದ್ದಲದ ಸಮಸ್ಯೆ ಬಗೆಹರಿಯಿತು

ಇಲಿಯ ಕಣ್ಣಿನ ರೆಟಿನಾದಲ್ಲಿ, ಮಂದ ಬೆಳಕನ್ನು ಹಿಡಿಯುವ ರಾಡ್ ಕೋಶಗಳಿಂದ ಅವುಗಳ ಸಂಕೇತವನ್ನು ಮುಂದೊಯ್ಯುವ ಬೈಪೋಲಾರ್ ಕೋಶದವರೆಗಿನ ಹಾದಿಯನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಆಗಿ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಜೋಡಿಸುವ ಹಲಗೆ) ಮೇಲೆ ಕಟ್ಟುವ ಕೆಲಸ ನಿನ್ನೆ ರಾತ್ರಿ ಕೊನೆಗೂ ದಡ ಸೇರಿತು. ಆಪ್‌ಆಂಪ್‌ಗಳ (ಸಂಕೇತ ಹಿಗ್ಗಿಸುವ ಚಿಪ್‌ಗಳ) ಜೋಡಣೆಯನ್ನು ಬಿಟ್ಟು, ಮಳೆಗಾಲವಿಡೀ ಕಾಡಿದ ಒಂದು ತೊಡಕನ್ನು ಮಾತ್ರ ಬರೆಯುತ್ತೇನೆ: ಗದ್ದಲ, ಅಂದರೆ ಸಂಕೇತದಲ್ಲಿ ಬೆರೆಯುವ ಬೇಡದ ಏರಿಳಿತ.

ಕತ್ತಲಲ್ಲಿ ರಾಡ್ ಕೋಶದ ವಿಭವ (ಒಳಹೊರಗಿನ ವೋಲ್ಟೇಜ್ ವ್ಯತ್ಯಾಸ) ಸುಮಾರು −40 ಮಿಲಿವೋಲ್ಟ್ ಇರುತ್ತದೆ. ಕ್ಯಾಲ್ಸಿಯಂ ಒಳಬರುತ್ತಲೇ ಇದ್ದು, ಗ್ಲುಟಮೇಟ್ ಎಂಬ ನರವಾಹಕ (ಕೋಶದಿಂದ ಕೋಶಕ್ಕೆ ಸಂಕೇತ ಒಯ್ಯುವ ರಾಸಾಯನಿಕ) ಎಡೆಬಿಡದೆ ಹೊರಬೀಳುತ್ತದೆ. ರಾಡ್‌ನ ಬೆಳಕು ಹೀರುವ ವರ್ಣಕ ರೊಡಾಪ್ಸಿನ್ ಒಂದು ಫೋಟಾನನ್ನು (ಬೆಳಕಿನ ಕಣವನ್ನು) ಹೀರಿದರೆ, ಸೈಕ್ಲಿಕ್ ಜಿಎಂಪಿ ಎಂಬ ಅಣು ಕಡಿಮೆಯಾಗಿ, ಅದು ತೆರೆದಿಟ್ಟಿದ್ದ ಚಾನೆಲ್‌ಗಳು (ಪೊರೆಯಲ್ಲಿ ಅಯಾನುಗಳು ಹಾಯುವ ದ್ವಾರಗಳು) ಮುಚ್ಚಿ, ಗ್ಲುಟಮೇಟ್ ಇಳಿಯುತ್ತದೆ. ಈ ಇಳಿಕೆಯನ್ನು ಏರಿಕೆಯಾಗಿಸುವುದು ಬೈಪೋಲಾರ್ ಕೋಶದ ಎಂಗ್ಲುಆರ್6 ಗ್ರಾಹಕ. ಗ್ಲುಟಮೇಟ್ ಅಂಟಿಕೊಂಡಿರುವಷ್ಟು ಹೊತ್ತು ಅದು ಟಿಆರ್‌ಪಿಎಂ1 ಚಾನೆಲನ್ನು ಮುಚ್ಚಿಟ್ಟಿರುತ್ತದೆ. ಗ್ಲುಟಮೇಟ್ ಇಳಿದಾಗ ಆ ಚಾನೆಲ್ ತೆರೆಯುವುದರಿಂದ, ಬೆಳಕಿಗೆ ನರವಾಹಕ ನಿಜವಾಗಿ ಹೊರಬೀಳುವುದು ಎರಡನೆಯ ಮೆಟ್ಟಿಲಾದ ಈ ಬೈಪೋಲಾರ್ ಕೋಶದಿಂದ.

ಕಷ್ಟವಿದ್ದದ್ದು ಹಲವು ರಾಡ್‌ಗಳ ಸಂಕೇತಗಳನ್ನು ಕೂಡಿಸುವಲ್ಲಿ. ಇಲಿಯಲ್ಲಿ ಸುಮಾರು 20 ರಾಡ್‌ಗಳು ಒಂದು ರಾಡ್ ಬೈಪೋಲಾರ್ ಕೋಶವನ್ನು ಸೇರುತ್ತವೆ. ನಕ್ಷತ್ರದ ಬೆಳಕಿನಲ್ಲಿ ಅವುಗಳಲ್ಲಿ ಒಂದಕ್ಕೆ ಫೋಟಾನ್ ಸಿಕ್ಕರೆ ಅದೇ ಹೆಚ್ಚು. ಗದ್ದಲ ಮಾತ್ರ ಎಲ್ಲವುಗಳಿಂದಲೂ ಬಂದು ಸೇರುತ್ತದೆ. ನನ್ನ ಆಸಿಲೋಸ್ಕೋಪಿನಲ್ಲಿ (ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಉಪಕರಣದಲ್ಲಿ) ಹುಲ್ಲು ಬೆಳೆದಂತಹ ಗೆರೆಯಷ್ಟೇ ಕಾಣುತ್ತಿತ್ತು. ಇದರ ನಡುವೆ ಬೆಳಕು ಹಿಡಿಯುವ ಭಾಗವಾದ ಬಿಪಿಡಬ್ಲ್ಯು34 ಫೋಟೋಡಯೋಡ್ ಕೇಳಿದರೆ ಅಂಗಡಿಯವರು ಬೇರೆಯದೇ ಭಾಗವಾದ ಫೋಟೋಟ್ರಾನ್ಸಿಸ್ಟರ್ ಕಳಿಸಿದರು. ವಿಚಾರಿಸಿದರೆ "ಎರಡೂ ಬೆಳಕಿಗೇ ಅಲ್ವಾ ಸಾರ್" ಎಂದರು. ಬದಲಿ ಭಾಗಕ್ಕೆ ಮತ್ತೆ ಕಾಯಬೇಕಾಯಿತು.

ದಾರಿ ತೋರಿದ್ದು 2002ರಲ್ಲಿ ವಿಜ್ಞಾನಿಗಳಾದ ಫೀಲ್ಡ್ ಮತ್ತು ರೀಕಿ ಇಲಿಯ ರೆಟಿನಾದಲ್ಲಿ ಕಂಡುಕೊಂಡ ಸಂಗತಿ: ಗದ್ದಲವನ್ನು ಸೋಸುವುದು ಕೂಡಿಸುವುದಕ್ಕಿಂತ ಮೊದಲು, ಪ್ರತಿ ರಾಡ್ ಬೈಪೋಲಾರ್ ಕೋಶವನ್ನು ಸೇರುವ ಸಂಧಿಯಲ್ಲೇ ನಡೆಯುತ್ತದೆ. ಕತ್ತಲಲ್ಲಿ ಗ್ಲುಟಮೇಟ್‌ನಿಂದಾಗಿ ಅಲ್ಲಿ ಗ್ರಾಹಕದಿಂದ ಚಾನೆಲ್‌ವರೆಗಿನ ಸಂಕೇತದ ಸರಣಿ ತನ್ನ ಗರಿಷ್ಠ ಮಟ್ಟ ಮುಟ್ಟಿರುವುದರಿಂದ ಚಿಕ್ಕಪುಟ್ಟ ಏರಿಳಿತಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸರ್ಕ್ಯೂಟಿನಲ್ಲಿ ಪ್ರತಿ ರಾಡ್‌ನ ಸಾಲಿಗೂ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ, ಅದರ ಒಳಬರುವ ತುದಿಯಾದ ಬೇಸ್‌ಗೆ 10 ಕಿಲೋಓಮ್, ಹೊರಹೋಗುವ ತುದಿಯಾದ ಕಲೆಕ್ಟರ್‌ಗೆ 47 ಕಿಲೋಓಮ್ ರೆಸಿಸ್ಟರ್ ಕೊಟ್ಟು, ಕತ್ತಲಲ್ಲಿ ಅದು ಪೂರ್ತಿ ಸ್ಯಾಚುರೇಶನ್‌ನಲ್ಲಿ (ಇನ್ನು ಹೆಚ್ಚು ತೆರೆಯಲಾಗದ ಸ್ಥಿತಿಯಲ್ಲಿ) ಇರುವಂತೆ ಮಾಡಿದೆ. ಒಳಬರುವ ವೋಲ್ಟೇಜ್ 0.6 ವೋಲ್ಟ್‌ನ ಆಸುಪಾಸಿಗೆ ಇಳಿಯುವವರೆಗೆ ಕಲೆಕ್ಟರ್ ಕದಲುವುದೇ ಇಲ್ಲ. ಇಳಿದರೆ ಮಾತ್ರ ಮೇಲೇಳುತ್ತದೆ. ತಿರುಗಿಸುವುದು, ಸೋಸುವುದು ಎರಡನ್ನೂ ಒಂದೇ ಭಾಗ ಮಾಡಿತು. ಎಂಗ್ಲುಆರ್6 ಮಾಡುವುದೂ ಅದನ್ನೇ ಎಂದು ಹೊಳೆದಾಗ ಆದ ಸಂತೋಷ ದೊಡ್ಡದು. ಗೆರೆ ಚಪ್ಪಟೆಯಾಗಿ, ಎಲ್‌ಇಡಿ ಮಿನುಗಿದಲ್ಲಿ ಒಂದೇ ಒಂದು ಉಬ್ಬು ಎದ್ದಿತು.

ಮುಂದಿನ ಯೋಜನೆಗೆ ಮೆಲನಾಪ್ಸಿನ್ ಎಂಬ ಬೆಳಕು ಹೀರುವ ವರ್ಣಕ ಇರುವ ಗ್ಯಾಂಗ್ಲಿಯಾನ್ ಕೋಶವನ್ನು (ರೆಟಿನಾದಿಂದ ಮಿದುಳಿಗೆ ಸಂಕೇತ ಒಯ್ಯುವ ಕೋಶವನ್ನು) ಆರಿಸಿದ್ದೇನೆ. ಅದು ಬೆಳಕಿಗೆ ನೇರವಾಗಿ ಉದ್ರೇಕಗೊಂಡು, ಬೆಳಕು ಆರಿದ ಮೇಲೂ ಕೆಲವು ಸೆಕೆಂಡು ಮುಂದುವರಿಯುವುದರಿಂದ ಸೋರಿಕೆ ಕಡಿಮೆಯಿರುವ ದೊಡ್ಡ ಕೆಪ್ಯಾಸಿಟರ್‌ಗಳು ಬೇಕು. ಅದಕ್ಕೆ ಮುಂಚೆ ಟ್ರಾನ್ಸಿಸ್ಟರ್‌ನ ಈ 0.6 ವೋಲ್ಟ್ ಮಿತಿಯನ್ನು ಇನ್ನೂ ಹದಗೊಳಿಸಬೇಕಾಗಿದೆ, ಏಕೆಂದರೆ ಅದು ಗದ್ದಲದ ಜೊತೆಗೆ ನಿಜವಾದ ಮಿನುಗುಗಳನ್ನೂ ಸಾಕಷ್ಟು ನುಂಗುತ್ತಿದೆ; ಇಲಿಯ ಕಣ್ಣೂ ಅದೇ ಬೆಲೆ ತೆರುತ್ತದೆ.