ಕಂದೀಲಿನ ಐದು ಮುಖ: ದೀಪಾವಳಿ ತಯಾರಿ ಎಲ್ಲಿಗೆ ಬಂತು

ಮಹಾರಾಷ್ಟ್ರದಲ್ಲಿ ದೀಪಾವಳಿಯ ಮೊದಲ ದಿನ ವಸುಬಾರಸು. ಮುಂಬೈ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಅವತ್ತಿನಿಂದಲೇ ಬಾಲ್ಕನಿಗಳಲ್ಲಿ ಕಂದೀಲು, ಅಂದರೆ ಆಕಾಶಬುಟ್ಟಿ, ಹತ್ತುತ್ತವೆ. ನಮ್ಮದು ಮಕ್ಕಳು ಥ್ಯಾಂಕ್ಸ್ ಹೇಳೋ ಕಂದೀಲು, ಒಂದೊಂದು ಮುಖ ಒಬ್ಬೊಬ್ಬರಿಗೆ. ಈಗ ಹೀಗಿದೆ: ಚೌಕಟ್ಟು ನಿಂತಿದೆ, ಮೂರು ಮುಖ ಮುಗಿದಿವೆ, ಬಾಲ ಇನ್ನೂ ಶುರುವಾಗಿಲ್ಲ.

ಇದರ ಬೀಜ ಬಿದ್ದಿದ್ದು ದಸರೆಯಲ್ಲಿ. ಧಾರವಾಡದ ಕಡೆ ನಾವು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅಂತೀವಿ. ಇಲ್ಲಿ ಆಪ್ಟಾ ಎಲೆ ಕೊಡುತ್ತಾರೆ, ಅದೇ ಅವರಿಗೆ ಸೋನ. ದಾದರ್ ಮಾರ್ಕೆಟ್ಟಿನಲ್ಲಿ ಟೊಂಗೆಗಟ್ಟಲೆ ಕಡಿದು ತಂದು ಗುಡ್ಡೆ ಹಾಕಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮಕ್ಕಳ ಕೈಲಿ ಕಾಗದದ ಎಲೆ ಮಾಡಿಸಿದೆ. ಆಪ್ಟಾ ಎಲೆಗೆ ಎರಡು ಪಾಲು ಇರುತ್ತದಲ್ವಾ, ನಡುವಿನ ನರಕ್ಕೆ ಸರಿಯಾಗಿ ಮಡಚಿಕೊಳ್ಳುತ್ತದೆ. ಕಾಗದ ಮಡಚಿ ಅರ್ಧ ಎಲೆ ಕತ್ತರಿಸಿ ಬಿಚ್ಚಿದರೆ ಪುಟ್ಟ ಕಾರ್ಡು ಸಿದ್ಧ, ಒಳಗೆ ಬರೆಯಬಹುದು.

ಬರೆಯಿರಿ ಅಂದರೆ ಇಬ್ಬರೂ ಎಲ್ಲದರಲ್ಲೂ ‘ಥ್ಯಾಂಕ್ಯೂ’ ಅಂತ ಗೀಚಿ, ಪಕ್ಕದಲ್ಲೊಂದು ಹಾರ್ಟ್ ಬಿಡಿಸಿ ಎದ್ದು ಹೋದರು. ಹೋಳಿಗೆಗೆ ಅವಸರ. ಆಮೇಲೆ ನಾನು ಥ್ಯಾಂಕ್ಸ್ ವಿಷಯವೇ ಎತ್ತಲಿಲ್ಲ. ‘ಮಾವಶಿ ನಿನಗೋಸ್ಕರ ಏನು ಮಾಡಿದ್ರು, ಒಂದು ಹೇಳು’ ಅಂತ ಕೇಳಿದೆ. ಮಾವಶಿ ಅಂದರೆ ನಮ್ಮ ಮನೆಗೆಲಸದವರು. ದೊಡ್ಡವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ‘ಹಾಲು ಉಕ್ಕಿ ತಳ ಹತ್ತಿತ್ತಲ್ಲ, ನಾನೇ ಗ್ಯಾಸ್ ಬಂದ್ ಮಾಡೋದು ಮರ್ತಿದ್ದು. ಮಾವಶಿ ನಿನಗೆ ಹೇಳದೇ ಉಜ್ಜಿಟ್ರು.’ ನನಗೆ ಇದು ಹೊಸ ಸುದ್ದಿ! ಆ ಪಾತ್ರೆ ಈಗ ಕಂದೀಲಿನ ಮೊದಲ ಮುಖ.

ಚೌಕಟ್ಟಿನ ಲೆಕ್ಕ ಸುಲಭ. ಒಂದೇ ಅಳತೆಯ 24 ಬಿದಿರು ಕಡ್ಡಿ ಬೇಕು, ನಮ್ಮವು ಒಂಬತ್ತು ಇಂಚು. ನಾಲ್ಕು ನಾಲ್ಕರಂತೆ ಕಟ್ಟಿದರೆ ಆರು ಚೌಕ. ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಬದಿಯ ಮೂಲೆಗಳನ್ನು ಒಂದಕ್ಕೊಂದು ಬಿಗಿದು ಸುತ್ತು ಹಾಕಬೇಕು. ಮಿಕ್ಕ ಎರಡು ಮೇಲಕ್ಕೆ, ಕೆಳಕ್ಕೆ. ನಡುವೆ ಎಂಟು ತ್ರಿಕೋನ ತಾವಾಗಿಯೇ ಮೂಡುತ್ತವೆ. ಒಂದು ಕಡ್ಡಿ ಗಿಡ್ಡವಾದರೂ ಇಡೀ ಕಂದೀಲು ಸೊಟ್ಟ. ಗಂಟಿನ ಮೇಲೆ ಮೈದಾ ಅಂಟು ಸವರಿದರೆ ದಾರ ಜಾರುವುದಿಲ್ಲ.

ಮಾಹೀಮಿನ ಕಂದೀಲ್ ಗಲ್ಲಿಯಲ್ಲಿ ಇದಕ್ಕಿಂತ ನೂರು ಪಾಲು ಚಂದದವು ಸಿಗುತ್ತವೆ, ಸುಮ್ನೆ ಹೇಳಬಾರದು. ಆದರೆ ಅದರ ಮೇಲೆ ಸುಟ್ಟ ಹಾಲಿನ ಪಾತ್ರೆ ಇರಲ್ಲ.

ಚಿತ್ರದ ಚೌಕಗಳಿಗೆ ಬಿಳಿ ಬಟರ್ ಪೇಪರ್, ತ್ರಿಕೋನಗಳಿಗೆ ಗಾಳಿಪಟದ ಬಣ್ಣದ ಹಾಳೆ. ಬಣ್ಣದ ಹಾಳೆ ಮೇಲೆ ಚಿತ್ರ ಬಿಡಿಸಿದರೆ ದೀಪ ಹಚ್ಚಿದಾಗ ಎದ್ದು ಕಾಣುವುದಿಲ್ಲ. ಚಿತ್ರ ಮೊದಲು, ಅಂಟಿಸೋದು ಆಮೇಲೆ. ಬಿಗಿದ ಹಾಳೆ ಮೇಲೆ ಮಕ್ಕಳು ಸ್ಕೆಚ್ ಪೆನ್ ಒತ್ತಿದರೆ ತೂತು ಗ್ಯಾರಂಟಿ. ಬಲ್ಬ್ ಇಳಿಬಿಡೋದಕ್ಕೆ ಮೇಲಿನ ಚೌಕ ಖಾಲಿ. ಕಾಗದ ಆದ್ದರಿಂದ ಹೆಚ್ಚು ಬಿಸಿಯಾಗದ ಎಲ್‌ಇಡಿಯೇ ಬೇಕು, 5 ವ್ಯಾಟ್ ಸಾಕು.

ಹಾಗಾಗಿ ಉಳಿದಿದ್ದು ಐದು ಮುಖ. ತಳದ್ದು ವಾಚ್‌ಮನ್ ಕಾಕಾಗೆ. ಗೇಟು ನಮ್ಮ ಬಾಲ್ಕನಿಯ ಕೆಳಗೇ ಇದೆ, ಅವರು ತಲೆ ಎತ್ತಿದರೆ ಕಾಣೋದು ಅದೊಂದೇ. ಇದು ದೊಡ್ಡವಳ ಐಡಿಯಾ. ಮಾವಶಿಗೆ ಮರಾಠಿ, ಕಾಕಾಗೆ ಹಿಂದಿ, ಧಾರವಾಡದ ಅಜ್ಜಿಗೆ ಕನ್ನಡ. ಅಜ್ಜಿಯ ಮುಖದಲ್ಲಿ ‘ಜ್ಜಿ’ಯ ಒತ್ತು ಅಕ್ಷರಕ್ಕಿಂತ ದೊಡ್ಡದಾಗಿ ನೇತಾಡುತ್ತಿದೆ. ತಿದ್ದಲಿಲ್ಲ. ನಾಲ್ಕನೆಯದು ಸ್ಕೂಲ್ ವ್ಯಾನಿನ ಕಾಕಾಗೆ, ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.

ಐದನೆಯದಕ್ಕೆ ಜಗಳ. ಚಿಕ್ಕವನಿಗೆ ಲಿಫ್ಟಿಗೆ ಥ್ಯಾಂಕ್ಸ್ ಹೇಳಬೇಕಂತೆ. ‘ಅದು ಮನುಷ್ಯ ಅಲ್ಲ’ ಅಂತ ಅಕ್ಕನ ತಕರಾರು. ಆಯುಧ ಪೂಜೆಗೆ ಸ್ಕೂಟರಿಗೆ, ಮಿಕ್ಸರಿಗೆ ಕುಂಕುಮ ಹಚ್ಚಿದವರು ನಾವೇ. ಈಗ ಯಾವ ಬಾಯಿಂದ ಬೇಡ ಅನ್ನೋದು? ಲಿಫ್ಟ್ ಗೆದ್ದಿತು. ಎರಡು ಬಾಗಿಲು, ಒಂದು ಬಟನ್ನು, ಒಳಗೆ ನಗುತ್ತಿರುವ ಅವನೇ.

ಇನ್ನು ಬಾಲ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಿಂದ ಬಂಗಾರದ ಹಾಳೆ ತರಬೇಕು. ಪ್ರತಿ ಬಾಲದ ತುದಿಗೆ ಒಂದು ಕಾಗದದ ಆಪ್ಟಾ ಎಲೆ, ಅಂಟಿಸೋದಿಲ್ಲ, ಬರೀ ಕ್ಲಿಪ್ಪು. ಫರಾಳದ, ಅಂದರೆ ದೀಪಾವಳಿ ತಿಂಡಿಯ, ಡಬ್ಬಿ ಕೊಡುವಾಗ ಅವರವರ ಎಲೆ ಬಿಚ್ಚಿ ಮಕ್ಕಳೇ ಕೈಗೆ ಕೊಡಬೇಕು. ಮನೆಯಲ್ಲೇ ತೂಗಿದ್ದರೆ ಅದು ಬರೀ ಅಲಂಕಾರ ಅನ್ನೋದು ನನ್ನ ಹಟ. ಅಜ್ಜಿಯದು ಲಕೋಟೆಯಲ್ಲಿ ಹೋಗುತ್ತದೆ. ಲಿಫ್ಟಿನದನ್ನು ಒಳಗೆ ಅಂಟಿಸಲು ಸೊಸೈಟಿ ಸೆಕ್ರೆಟರಿಯನ್ನು ಕೇಳಬೇಕು. ಲಿಫ್ಟಿನ ಪಾಲಿನ ಚಕ್ಕುಲಿ ಯಾರಿಗೆ ಅನ್ನೋದನ್ನು ಚಿಕ್ಕವನು ಆಗಲೇ ತೀರ್ಮಾನ ಮಾಡಿಯಾಗಿದೆ.